ಓಡುವ ಗಾಡಿಯೇ ಉಳಿದ ಗಾಡಿ

ಹಳೆಯ ಜಾವಾ, ಯೆಜ್ಡಿ ಬೈಕುಗಳಿಗೆ ಮತ್ತೆ ಕಾಲ ಬಂದಿದೆ. ಹಿತ್ತಲಲ್ಲಿ ಗೋಣಿತಾಟು ಹೊದ್ದು ವರ್ಷಗಟ್ಟಲೆ ಬಿದ್ದಿದ್ದ ಗಾಡಿಗಳನ್ನು ಹುಡುಕಿ ತರುವವರು, ಗುಜರಿ ಪಾಲಾಗುವುದನ್ನು ತಡೆದು ಮನೆಗೆ ಒಯ್ಯುವವರು ಹೆಚ್ಚಿದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ ಯೆಜ್ಡಿ ದಿನವೆಂದು ಆಚರಿಸಿ, ಊರೂರಲ್ಲಿ ಸವಾರರು ಸೇರುತ್ತಾರೆ. ಸಂತೋಷದ ಸಂಗತಿಯೇ. ಆದರೆ ಹಳೆಯ ಬೈಕನ್ನು ಉಳಿಸುತ್ತೇವೆ ಎನ್ನುವಾಗ ನಾವು ಏನನ್ನು ಉಳಿಸಬೇಕು ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಜಾವಾ ಹುಟ್ಟಿದ್ದು 1929ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ. ನಮ್ಮಲ್ಲಿಗೆ ಬಂದ ಮೇಲೆ ಅದು ಮೈಸೂರಿನದೇ ಆಗಿಹೋಯಿತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈ ಬೈಕುಗಳಲ್ಲಿ ಹೆಚ್ಚಿನವಕ್ಕೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಗೇರ್ ಹಾಕುವ ಲಿವರನ್ನೇ ಒಳಕ್ಕೊತ್ತಿ ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್. ಇಂಥ ಗಾಡಿಯ ಸದ್ದು ಕೇಳಿಯೇ ಯಾರ ಮನೆಯವರು ಬಂದರೆಂದು ಬೀದಿಯವರು ಹೇಳುತ್ತಿದ್ದ ಕಾಲವಿತ್ತು.

ಈ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ನಿನ ರಚನೆ ಬಲು ಸರಳ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಪೆಟ್ರೋಲ್ ಒಮ್ಮೆ ಉರಿಯುತ್ತದೆ. ಆ ಪೆಟ್ರೋಲ್ ಕ್ರ್ಯಾಂಕ್ ಇರುವ ಗೂಡಿನ ಮೂಲಕವೇ ಮೇಲೆ ಹೋಗುವುದರಿಂದ ಅಲ್ಲಿ ಬೇರೆ ಎಣ್ಣೆ ನಿಲ್ಲಿಸುವಂತಿಲ್ಲ, ಪೆಟ್ರೋಲಿಗೇ ಬೆರೆಸಬೇಕು. ಲೀಟರಿಗೆ 40 ಮಿಲಿ ಹಾಕಿದರೆ 25ಕ್ಕೆ 1ರ ಅಳತೆ. ಮರೆತು ಬರೀ ಪೆಟ್ರೋಲ್ ತುಂಬಿಸಿದರೆ ಪಿಸ್ಟನ್ ಕಾದು ಜಾಮ್ ಆಗುತ್ತದೆ. ಬಂಕಿನಲ್ಲಿ ನಿಂತಾಗಲೆಲ್ಲ ಎಂಜಿನ್ನಿನ ಆರೋಗ್ಯದ ಜವಾಬ್ದಾರಿಯನ್ನು ಸವಾರ ಹೊಸದಾಗಿ ಹೊರಲೇಬೇಕು. ಈ ಗಾಡಿಯನ್ನು ಗಮನವಿಲ್ಲದೆ ಇಟ್ಟುಕೊಳ್ಳಲು ಬರುವುದಿಲ್ಲ.

ಆ ಗಮನ ಎಂಥದೆಂದು ನೋಡಬೇಕಾದರೆ ಹಳೆಯ ಮೇಸ್ತ್ರಿಯೊಬ್ಬರು ಕಿಡಿ ಹಾರುವ ಟೈಮಿಂಗ್ ಕೂರಿಸುವಾಗ ಪಕ್ಕದಲ್ಲಿ ಕೂರಬೇಕು. ಮೊದಲು ಕಿಡಿಯನ್ನು ನಿಯಂತ್ರಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಅಂತರವನ್ನು 0.4 ಮಿ.ಮೀ.ಗೆ ತರುತ್ತಾರೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಅಳತೆಕಡ್ಡಿ ಇಳಿಬಿಟ್ಟು ಪಿಸ್ಟನ್ ಎಲ್ಲಿದೆಯೆಂದು ನೋಡುತ್ತಾರೆ. ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಒಂದು ಕೈಯಲ್ಲಿ ಅದನ್ನು ಮೆಲ್ಲಗೆ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಕ್ರ್ಯಾಂಕನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಕಾಗದ ಸಡಿಲಗೊಂಡು ಜಾರುವ ಕ್ಷಣವೇ ಕಿಡಿ ಹಾರುವ ಕ್ಷಣ. ಪಿಸ್ಟನ್ ಇರಬೇಕಾದ ಜಾಗದಲ್ಲಿ ಆಗ ಇದ್ದರೆ ಸ್ಕ್ರೂ ಬಿಗಿ. ಇಲ್ಲದಿದ್ದರೆ ಮತ್ತೆ ಮೊದಲಿಂದ. ಸ್ವಲ್ಪ ಓಡಿಸಿ ತಂದು ಪ್ಲಗ್ಗಿನ ತುದಿಯ ಬಣ್ಣ ನೋಡುತ್ತಾರೆ. ಕಂದು ಬಣ್ಣವಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು. ಕಾರ್ಬೊರೇಟರ್ ಸರಿಯಿದ್ದೂ ಬೆಳ್ಳಗೆ ಬಂದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದು ಗಾಳಿ ಎಳೆಯುತ್ತಿದೆಯೆಂಬ ಅನುಮಾನ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಅಲ್ಲಿನ ಎಣ್ಣೆ ಎಂಜಿನ್ನಿಗೆ ನುಗ್ಗಿ ಸೈಲೆನ್ಸರಿನಿಂದ ದಟ್ಟ ಹೊಗೆ ಏಳುತ್ತದೆ. ಕಂಪ್ಯೂಟರ್ ಯಾವುದೂ ಇಲ್ಲದೆ, ಬಣ್ಣ, ವಾಸನೆ, ಸದ್ದುಗಳಿಂದಲೇ ರೋಗ ಹಿಡಿಯುವ ವಿದ್ಯೆ ಇದು.

ಈಗಿನ ಎಷ್ಟೋ ದುರಸ್ತಿಗಳಲ್ಲಿ ದುಡ್ಡೆಲ್ಲ ಹೊರಮೈಗೇ ಖರ್ಚಾಗುತ್ತಿದೆ. ಕ್ರೋಮ್ ಹೊಳೆಯುತ್ತದೆ, ಟ್ಯಾಂಕಿನ ಮೇಲಿನ ಬಂಗಾರದ ಗೆರೆ ಮಿನುಗುತ್ತದೆ. ಒಳಗೆ ಸವೆದ ಸೀಲ್, ಕರಿ ಕಟ್ಟಿದ ಸೈಲೆನ್ಸರ್ ಹಾಗೇ ಉಳಿಯುತ್ತವೆ. ಗಟ್ಟಿಯಾಗಿರುವ ಮೂಲ ಬಣ್ಣವನ್ನು ಉಜ್ಜಿ ತೆಗೆದು ಹೊಸದು ಬಳಿಯುವುದು ನನಗೆ ಸರಿ ಕಾಣುವುದಿಲ್ಲ. ಆ ಬಣ್ಣ ಒಮ್ಮೆ ಹೋದರೆ ಮರಳಿ ಬಾರದು. ಸೀಲ್, ಬೇರಿಂಗ್‌ಗಳನ್ನು ಎಷ್ಟು ಸಲವಾದರೂ ಬದಲಿಸಬಹುದು. ಮೊದಲ ಖರ್ಚು ಎಂಜಿನ್ನಿಗೆ, ಬ್ರೇಕಿಗೆ, ವೈರಿಂಗಿಗೆ. ಉಳಿದರೆ ಅಲಂಕಾರಕ್ಕೆ.

ಇವುಗಳ ಹೊಗೆಯ ಮಾತನ್ನೂ ಮರೆಮಾಚಬಾರದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸದಾಗಿ ಬಂದ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತದೆ. ದಿನವೂ ಪೇಟೆಯ ದಟ್ಟಣೆಯಲ್ಲಿ ಓಡಿಸುವ ಗಾಡಿ ಇದಲ್ಲವೆಂದು ಪ್ರೀತಿಸುವವರೇ ಒಪ್ಪಬೇಕು. 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನೋಂದಣಿಯ ನಿಯಮವೂ ನಿತ್ಯದ ಓಡಾಟಕ್ಕೆ ಅವಕಾಶ ಕೊಡುವುದಿಲ್ಲ. ಹಾಗೆಂದು ನಿಲ್ಲಿಸಿಬಿಟ್ಟರೆ ಗಾಡಿ ಇನ್ನೂ ಬೇಗ ಹಾಳಾಗುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ನೀರಿನಂಶ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಟ್ಯಾಂಕ್ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರ್ ಕೆಡುತ್ತದೆ. ಅಳತೆ ತಪ್ಪದೆ ಎಣ್ಣೆ ಬೆರೆಸಿ, ನಸುಕಿನ ಖಾಲಿ ರಸ್ತೆಯಲ್ಲಿ ಆಗಾಗ ಒಂದು ಸುತ್ತು ಓಡಿಸಬೇಕು. ಬಹಳ ದಿನ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಬಿಡಬೇಕು.

ಕೊನೆಗೆ ಉಳಿಸಬೇಕಾದ್ದು ರೋಗ ಹಿಡಿಯುವ ಮೇಸ್ತ್ರಿಯ ನೋಟವನ್ನು, ಕೈಯ ಹದವನ್ನು. ಹೊಸ ಪಿಸ್ಟನ್ ಅಂಗಡಿಯಲ್ಲಿ ಸಿಗಬಹುದು, ಇಲ್ಲದ ಬಿಡಿಭಾಗವನ್ನು ಲೇತಿನಲ್ಲಿ ಮಾಡಿಸಬಹುದು. ಕಾಗದ ಜಾರಿದ್ದನ್ನು ಬೆರಳಲ್ಲೇ ಅರಿಯುವ ಮೇಸ್ತ್ರಿಗಳು ಮಾತ್ರ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ; ಅವರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಲ್ಲುವ ಹುಡುಗರು ಕಾಣುವುದು ಅಪರೂಪ. ಹಳೆಯ ಗಾಡಿ ಇಟ್ಟುಕೊಂಡವರು ಒಂದು ಕೆಲಸ ಮಾಡಬಹುದು. ಮುಂದಿನ ಸಲ ಎಂಜಿನ್ ಬಿಚ್ಚಿಸುವಾಗ ಮನೆಯ ಅಥವಾ ಬೀದಿಯ ಮಕ್ಕಳಲ್ಲಿ ಆಸಕ್ತಿ ಇದ್ದವರನ್ನು ಕರೆದುಕೊಂಡು ಹೋಗಿ, ಮೇಸ್ತ್ರಿಯ ಪಕ್ಕ ಕೂರಿಸಿ. ಕಲಿಸುವುದಕ್ಕೆಂದು ಅವರು ಕಳೆಯುವ ಹೊತ್ತಿಗೂ ಕೂಲಿ ಕೊಡಿ. ಕ್ರೋಮಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಹೋದರೆ, ಮೈಸೂರಿನ ಗಾಡಿಗಳು ಮುಂದಿನ ತಲೆಮಾರಿನ ರಸ್ತೆಯಲ್ಲೂ ಓಡುತ್ತವೆ.