ಗಾನದಲ್ಲಿ ನಿರಹಂಕಾರ



ಖಯಾಲ್ ಗಾಯಕನು ವೇದಿಕೆಯನ್ನೇರುವಾಗ ಅವನ ಬಳಿಯಿರುವ ಬಂಡವಾಳ ಅತ್ಯಲ್ಪ: ಒಂದು ರಾಗ, ಒಂದು ತಾಳ, ಕೆಲವೇ ಸಾಲಿನ ಒಂದು ಚೀಜು. ಆಲಾಪ-ತಾನಗಳ ವಿಸ್ತಾರವನ್ನೆಲ್ಲ ಅವನು ಆಗಿಂದಾಗಲೇ ಹುಟ್ಟಿಸಬೇಕು. ಹೀಗೆ ಹಾಡುತ್ತಿರಲು ಒಮ್ಮೊಮ್ಮೆ ಅಪೂರ್ವವಾದ ತನ್ಮಯತೆ ಒದಗುವುದುಂಟು. ಆಗ ಒಂದು ಸ್ವರವೇ ಮುಂದಿನ ಸ್ವರವನ್ನು ಕರೆತರುತ್ತದೆ. ಕಾಲದ ಪರಿವೆಯಾಗಲಿ ಸಭೆಯ ಅಂಜಿಕೆಯಾಗಲಿ ಉಳಿಯುವುದಿಲ್ಲ. ಈ ಸ್ಥಿತಿಯನ್ನು ಪಡೆಯುವ ಬಗೆ ಯಾವುದು?

ಅದನ್ನು ಬಯಸಿ ಹಿಡಿಯಹೋದವನಿಗೆ ಅದು ದಕ್ಕದೆಂಬುದನ್ನು ಮೊದಲು ಅರಿಯಬೇಕು. ‘ನಾನು ಚೆನ್ನಾಗಿ ಹಾಡುತ್ತಿದ್ದೇನೆ’ ಎಂಬ ಎಣಿಕೆ ಮೂಡಿದೊಡನೆಯೇ ಚಿತ್ತವು ಎರಡಾಗುತ್ತದೆ. ಒಂದು ಭಾಗ ಹಾಡುತ್ತದೆ. ಇನ್ನೊಂದು ಪಕ್ಕದಲ್ಲಿ ನಿಂತು ಬೆಲೆ ಕಟ್ಟುತ್ತದೆ, ಚಪ್ಪಾಳೆಗೆ ಕಿವಿಗೊಡುತ್ತದೆ. ತಾನವು ಹದಗೆಟ್ಟು ಸಮ ತಪ್ಪುವುದು ಇಂಥ ಗಳಿಗೆಯಲ್ಲಿಯೇ.

ಆಧುನಿಕ ವಿಜ್ಞಾನವೂ ಈ ಬಾಗಿಲನ್ನು ತಟ್ಟಿದೆ. ಅಮೇರಿಕದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಎಂಬ ಸಂಶೋಧಕರು ಜಾಜ್ ಸಂಗೀತದ 6 ಮಂದಿ ನುರಿತ ಪಿಯಾನೋ ವಾದಕರನ್ನು ಪರೀಕ್ಷಿಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಂಠಪಾಠದ ಸಂಗೀತವನ್ನು ಬಿಟ್ಟು ಮನೋಧರ್ಮದಿಂದ ನುಡಿಸತೊಡಗಿದಾಗ, ತನ್ನನ್ನು ತಾನೇ ಕಾವಲು ಕಾಯುವ ಕೆಲಸದಲ್ಲಿ ಪಾಲುಗೊಳ್ಳುವ ಮಿದುಳಿನ ಭಾಗವು ತಣ್ಣಗಾಯಿತು. ಒಳಗಿನದನ್ನು ಹೊರಗೆ ವ್ಯಕ್ತಪಡಿಸುವುದಕ್ಕೆ ಸಂಬಂಧಿಸಿದ ಭಾಗವು ಚುರುಕಾಯಿತು.

ಹಾಗಾದರೆ ಸಾಧನೆಯನ್ನು ತೊರೆದು ಮೈಮರೆತರೆ ಸಾಕೆ? ಎಂದಿಗೂ ಸಾಲದು. ಕಾವಲುಗಾರನು ನಿಶ್ಚಿಂತನಾಗಿ ಮಲಗಬೇಕಾದರೆ ಮನೆ ಭದ್ರವಾಗಿರಬೇಕು. ಧಾರವಾಡದ ಮಲ್ಲಿಕಾರ್ಜುನ ಮನಸೂರರನ್ನು (1910–1992) ನೆನೆಯಿರಿ. ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಹೆಸರಾದ ಮೇಲೆಯೂ ಅವರು ಮಂಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಮಂಜಿಖಾನರು ಕಾಲವಾಗಲು, ಅವರ ತಮ್ಮ ಭುರ್ಜಿಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಜಯಪುರ-ಅತ್ರೌಲಿ ಪರಂಪರೆಯ ಕ್ಲಿಷ್ಟವಾದ ಜೋಡುರಾಗಗಳು ಅವರ ಕಂಠದಲ್ಲಿ ಸರಾಗವಾಗಿ ಹರಿದುದು ಈ ದುಡಿಮೆಯ ಫಲ. ಗಳಿಸಿದ ಹೆಸರನ್ನು ಬದಿಗಿಟ್ಟು ಗುರುವಿನೆದುರು ಬಾಗಿದ ಮನಸ್ಸಿಗೆ, ಸಭೆಯಲ್ಲಿ ರಾಗದೆದುರು ಬಾಗುವುದು ಕಷ್ಟವೇ? ಮುಂದೆ ಅದೇ ಕಂಠವು ಶರಣರ ವಚನಗಳನ್ನೂ ನಾಡಿಗೆ ಕೇಳಿಸಿತು.

ಶರಣರು ಕಾಯಕವನ್ನು ಬಿಡೆಂದು ಹೇಳಲಿಲ್ಲ. ಮಾಡುವವನು ತಾನೆಂಬ ಹಮ್ಮನ್ನು ಬಿಡೆಂದರು. ಗಾನಕ್ಕೂ ಇದೇ ದಾರಿ. ಏಕಾಂತದಲ್ಲಿ ತಂಬೂರಿಯ ಶ್ರುತಿಗೆ ಕಿವಿಗೊಟ್ಟು ಒಂದೊಂದು ಸ್ವರವನ್ನೂ ನೂರು ಸಲ ತಿದ್ದಿಕೊಳ್ಳಿರಿ, ಅಲ್ಲಿ ಪರೀಕ್ಷಕನಿರಲಿ. ಸಭೆಗೆ ಬಂದಾಗ ಅವನನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ, ಕಲಿತುದೆಲ್ಲವನ್ನೂ ರಾಗಕ್ಕೆ ಅರ್ಪಿಸಿರಿ. ತನ್ಮಯತೆ ಒದಗಿದರೆ ಅದನ್ನು ಪ್ರಸಾದವೆಂದು ಸ್ವೀಕರಿಸಿರಿ. ಒದಗದಿದ್ದರೆ ಮರುದಿನ ಬೆಳಗ್ಗೆ ಮತ್ತೆ ತಂಬೂರಿಯನ್ನು ಶ್ರುತಿಗೂಡಿಸಿರಿ.