“ವಯಸ್ಸಾಯಿತು” ಎಂಬ ಉತ್ತರ

ಮೊಣಕಾಲು ನೋಯುತ್ತದೆಂದು ಮುದುಕಿಯೊಬ್ಬಳು ಹೇಳಿದರೆ ಮನೆಯವರು ಕೊಡುವ ಉತ್ತರವೂ, ಎಷ್ಟೋ ವೇಳೆ ವೈದ್ಯರು ಕೊಡುವ ಉತ್ತರವೂ ಒಂದೇ: “ವಯಸ್ಸಾಯಿತು.” ಕೇಳುವುದಕ್ಕೆ ಇದು ಸಮಾಧಾನದ ಮಾತು. ವಿಚಾರಮಾಡಿ ನೋಡಿದರೆ ಇದು ಉತ್ತರವೇ ಅಲ್ಲ. ಪ್ರಶ್ನೆಯನ್ನು ಮುಚ್ಚಿಡುವ ಉಪಾಯ. ಎಡಗಾಲಿಗಾದಷ್ಟೇ ವಯಸ್ಸು ಬಲಗಾಲಿಗೂ ಆಗಿರುವಾಗ ಎಡಗಾಲು ಮಾತ್ರ ನೋಯುವುದೇಕೆಂದು ಕೇಳಿದ ಮುದುಕನ ಕಥೆ ಹಳೆಯದು. ಅದು ನಗೆಯ ಮಾತಾದರೂ ಅದರಲ್ಲಿರುವ ತರ್ಕಕ್ಕೆ ಇದುವರೆಗೂ ಯಾರೂ ಉತ್ತರ ಕೊಟ್ಟಂತಿಲ್ಲ. ಒಬ್ಬರ ನೋವನ್ನು ಅವರ ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಧರ್ಮವೆ? ಈ ಲೇಖನದ ಜಿಜ್ಞಾಸೆ ಇಷ್ಟೇ.

ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ಬಾಲಚಿಕಿತ್ಸೆಯಂತೆ ಜರಾಚಿಕಿತ್ಸೆಯೂ ಒಂದು. ಆದರೆ ಅದರ ದೃಷ್ಟಿ ಮುಖ್ಯವಾಗಿ ಮುಪ್ಪನ್ನು ಮುಂದೂಡುವುದರ ಕಡೆಗೆ. ಬಂದಿರುವ ಮುಪ್ಪಿನೊಳಗೆ ರೋಗ ಯಾವುದು, ಮುಪ್ಪು ಯಾವುದು ಎಂದು ಬೇರ್ಪಡಿಸುವ ಕೆಲಸವೇ ಬೇರೆ. ಆ ಕೆಲಸಕ್ಕೆ ಪ್ರತ್ಯೇಕವಾದ ಹೆಸರನ್ನಿಟ್ಟವನು ನ್ಯೂಯಾರ್ಕಿನ ವೈದ್ಯನಾದ ಇಗ್ನಾಟ್ಸ್ ನಾಷರ್. 1909ರಲ್ಲಿ ಅವನು ‘ಜೀರಿಯಾಟ್ರಿಕ್ಸ್’ ಎಂಬ ಪದವನ್ನು ಬಳಕೆಗೆ ತಂದನು; 1914ರಲ್ಲಿ ಅದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. ಮಕ್ಕಳ ವೈದ್ಯವು ಹೇಗೆ ಪ್ರತ್ಯೇಕ ಶಾಖೆಯೋ ಹಾಗೆಯೇ ವೃದ್ಧರ ವೈದ್ಯವೂ ಪ್ರತ್ಯೇಕವಾಗಿರಬೇಕೆಂಬುದು ಅವನ ವಾದ. ಉಪಾಧ್ಯಾಯರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವೆಂದರೆ ಚಿಕ್ಕ ಅಳತೆಯ ದೊಡ್ಡವನಲ್ಲವೆಂಬುದು ತರಬೇತಿಯಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲಿ ಒಂದು. ಮುದುಕನೆಂದರೆ ಸವೆದುಹೋದ ಯುವಕನಲ್ಲವೆಂಬುದನ್ನು ಮಾತ್ರ ನಮಗೆ ಯಾರೂ ಕಲಿಸಲಿಲ್ಲ.

ವ್ಯತ್ಯಾಸವು ಎಂತಹದೆಂಬುದಕ್ಕೆ ಒಂದೆರಡು ಉದಾಹರಣೆಗಳು ಸಾಕು. ಯುವಕನಿಗೆ ಶ್ವಾಸಕೋಶದಲ್ಲಿ ಸೋಂಕಾದರೆ ಜ್ವರ ಏರುತ್ತದೆ, ಕೆಮ್ಮು ಬರುತ್ತದೆ. ಎಂಬತ್ತರ ಮುದುಕಿಗೆ ಜ್ವರವೇ ಬಾರದಿರಬಹುದು. ಅವಳು ಇದ್ದಕ್ಕಿದ್ದಂತೆ ಮಗನ ಗುರುತು ತಪ್ಪುತ್ತಾಳೆ, ರಾತ್ರಿಯೆಲ್ಲ ಬಡಬಡಿಸುತ್ತಾಳೆ. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನ ಅಂಶದ ಇಳಿತ, ಹೊಸದಾಗಿ ಕೊಟ್ಟ ನಿದ್ರೆಯ ಮಾತ್ರೆ, ಇವುಗಳಿಂದಲೂ ಹಾಗಾಗುವುದುಂಟು. “ಅರವತ್ತಕ್ಕೆ ಅರಳು ಮರಳು” ಎಂದು ನಾವು ಗಾದೆ ಹೇಳಿ ಸುಮ್ಮನಾಗುತ್ತೇವೆ. ಗಾದೆಗಳನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸುವವರು ನಾವೇ. ಆದ್ದರಿಂದ ಈ ಒಂದು ಗಾದೆಯ ಮೇಲೆ ಸ್ವಲ್ಪ ಅನುಮಾನವನ್ನೂ ಕಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ನಿಧಾನವಾಗಿ ಬರುವ ಮರೆವು ಬೇರೆ, ಎರಡು ದಿನಗಳಲ್ಲಿ ಬಂದೆರಗುವ ಮರುಳು ಬೇರೆ. ಎರಡನೆಯದು ಬಹುಪಾಲು ಗುಣಪಡಿಸಬಲ್ಲ ರೋಗ. ತಡಮಾಡಿದರೆ ಪ್ರಾಣಕ್ಕೆ ಎರವಾಗುವ ರೋಗ.

ಈ ಶಾಸ್ತ್ರದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ಇಂಗ್ಲೆಂಡಿನ ಮಾರ್ಜರಿ ವಾರೆನ್ ಎಂಬಾಕೆಯ ಕೆಲಸ. 1935ರಲ್ಲಿ ಆಕೆ ವೈದ್ಯೆಯಾಗಿದ್ದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದಲ್ಲಿದ್ದ ದರಿದ್ರಶಾಲೆಯ ರೋಗಿಗಳ ವಿಭಾಗವನ್ನು ವಹಿಸಿಕೊಂಡಿತು. ಆಕೆಯ ಪಾಲಿಗೆ ಬಂದ ದೀರ್ಘರೋಗಿಗಳ ಹಾಸಿಗೆಗಳು 714. ಅಲ್ಲಿದ್ದವರಲ್ಲಿ ಅನೇಕರು ವರ್ಷಗಟ್ಟಲೆ ಮಲಗಿಯೇ ಇದ್ದವರು. ಯಾವ ರೋಗಕ್ಕಾಗಿ ಮಲಗಿದ್ದಾರೆಂಬುದನ್ನು ವಿಚಾರಿಸಿದವರಿರಲಿಲ್ಲ. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿ ವಿಂಗಡಿಸಿದಳು. ಎದ್ದು ಕೂರಿಸಿದಳು, ನಡೆಯಲು ಕಲಿಸಿದಳು. ಎಷ್ಟೋ ಜನ ಎದ್ದು ಮನೆಗೆ ಹೋದರು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯನು ಹಾಸಿಗೆಯ ಅಪಾಯಗಳನ್ನೇ ಕುರಿತು ಒಂದು ಪ್ರಸಿದ್ಧ ಲೇಖನವನ್ನು ಬರೆದನು. ಮಲಗಿದವರ ಸ್ನಾಯು ಕರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ನಿಲ್ಲುತ್ತದೆ. ರೋಗವು ಮಲಗಿಸಿತೆಂದು ನಾವು ತಿಳಿದಿರುವಲ್ಲಿ ಎಷ್ಟೋ ಸಲ ಮಲಗಿದ್ದೇ ರೋಗವಾಗಿರುತ್ತದೆ.

ಇಲ್ಲಿಗೆ ಬಂದಾಗ ನಮ್ಮ ಮನೆಗಳ ಮಾತನ್ನು ಎತ್ತದೆ ವಿಧಿಯಿಲ್ಲ. ಹೊರಗಿನವರಿಗೆ ಲವ್‌ಡೇಲ್ ಎಂದರೆ 1858ರಲ್ಲಿ ಸ್ಥಾಪಿತವಾದ ಲಾರೆನ್ಸ್ ಶಾಲೆ, ಬೆಟ್ಟದ ರೈಲು. ಇಲ್ಲಿರುವ ನಮಗೋ, ಇಳಿಜಾರು, ಮೆಟ್ಟಿಲು, ಮಂಜು, ಬೆಳಗಿನ ಚಳಿ. ಇಂತಹ ಊರಿನಲ್ಲಿ ಮುದುಕರನ್ನು ಹೊರಗೆ ಬಿಡಲು ಮನೆಯವರು ಹೆದರುವುದು ಸಹಜ. ಈ ನೀಲಗಿರಿಯ ಬಡಗರು ಹೆತ್ತೆಯನ್ನು, ಎಂದರೆ ಅಜ್ಜಿಯನ್ನೇ, ದೇವತೆಯನ್ನಾಗಿ ಪೂಜಿಸುವವರು. ಕನ್ನಡದ ಮನೆಗಳಲ್ಲಿಯೂ ಹಿರಿಯರಿಗೆ ಗೌರವ ಕಡಮೆಯಿಲ್ಲ. “ಅಜ್ಜೀ, ನೀವು ಏಳಬೇಡಿ, ನಾವಿದ್ದೇವೆ” ಎಂದು ಮೊಮ್ಮಕ್ಕಳು ನೀರು ತಂದುಕೊಡುತ್ತಾರೆ, ಸೊಸೆ ತಟ್ಟೆಯನ್ನು ಹಾಸಿಗೆಯ ಬಳಿಗೇ ತರುತ್ತಾಳೆ. ಇದು ಪ್ರೀತಿಯೇ ಹೌದು. ಆದರೆ ಆರು ತಿಂಗಳು ಈ ಪ್ರೀತಿ ನಡೆದರೆ ಅಜ್ಜಿಯ ಕಾಲು ನೆಲವನ್ನು ಮರೆಯುತ್ತದೆ. ಸೇವೆಯ ಹೆಸರಿನಲ್ಲಿ ಅವರ ಕೈಯಲ್ಲಿದ್ದ ಕೆಲಸವನ್ನು ಕಿತ್ತುಕೊಳ್ಳುವುದು ಪುಣ್ಯವೋ ಅಲ್ಲವೋ ನಾನರಿಯೆ, ಚಿಕಿತ್ಸೆಯಂತೂ ಅಲ್ಲ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಿಡಿದುಕೊಳ್ಳಲು ಒಂದು ಕೊಳವೆ, ರಾತ್ರಿಗೆ ಒಂದು ಸಣ್ಣ ದೀಪ, ಜಾರದ ಮೆಟ್ಟು, ಇಷ್ಟನ್ನು ಒದಗಿಸಿ “ನಡೆಯಿರಿ” ಎನ್ನುವುದು ಕಟುವಾಗಿ ಕೇಳಿಸಿದರೂ ಹೆಚ್ಚಿನ ಗೌರವವೆಂದು ನನಗೆ ತೋರುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ವಾದವಿದೆ. ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮನೆಯಲ್ಲಿರುವ ಹಣ ಸ್ವಲ್ಪ. ಮೊಮ್ಮಗನಿಗೆ ಓದು ಬೇಕು, ಅಜ್ಜನಿಗೆ ಔಷಧ ಬೇಕು. ಅಜ್ಜನು ತನ್ನ ಪಾಲಿನ ಆಯುಸ್ಸನ್ನು ಕಂಡವನು, ಆದಕಾರಣ ಮೊದಲ ಹಕ್ಕು ಮೊಮ್ಮಗನದು. ಅಜ್ಜಂದಿರೇ ಹೀಗೆ ಹೇಳುವುದನ್ನು ಕೇಳಿದ್ದೇವೆ. ಆದರೆ ನಾವು ಖರ್ಚುಮಾಡುವ ಕ್ರಮವನ್ನು ನೋಡಿ. ಕನ್ನಡಕ, ಕಟ್ಟಿಸಿದ ಹಲ್ಲು, ಊರುಗೋಲು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇವು ಅಲ್ಪ ವೆಚ್ಚದವು. ಪೊರೆ ತೆಗೆಯುವುದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಇವುಗಳನ್ನು “ಈ ವಯಸ್ಸಿನಲ್ಲಿ ಇನ್ನೇಕೆ?” ಎಂದು ಹತ್ತು ವರ್ಷ ಮುಂದೂಡುತ್ತೇವೆ. ಕಡೆಯ ವಾರದಲ್ಲಿ ಮಾತ್ರ ಕೊಯಮತ್ತೂರಿನ ತೀವ್ರನಿಗಾ ವಿಭಾಗದಲ್ಲಿ ಉಸಿರಾಟದ ಯಂತ್ರಕ್ಕಾಗಿ ಚಹದ ತೋಟವನ್ನು ಅಡವಿಡುತ್ತೇವೆ. ಮೊದಲಿನ ಲೋಭವೂ ಕಡೆಯ ಔದಾರ್ಯವೂ ಒಂದೇ ಮನೆಯವು. ಈ ಔದಾರ್ಯದಲ್ಲಿ ರೋಗಿಯ ಹಿತವೆಷ್ಟು, ಲೋಕಾಪವಾದದ ಭಯವೆಷ್ಟು ಎಂಬುದನ್ನು ಅಳೆದು ನೋಡುವ ಧೈರ್ಯ ನಮ್ಮಲ್ಲಿ ಬಹಳ ಜನಕ್ಕಿಲ್ಲ. ಮೊಮ್ಮಗನ ಓದಿಗೆ ಅಡ್ಡಬಂದದ್ದು ಅಜ್ಜನ ಕನ್ನಡಕವಲ್ಲ.

ಸರಕಾರದ ಕಡೆಯಿಂದ ಏನೂ ಆಗಿಲ್ಲವೆಂದು ಹೇಳಲಾಗದು. ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗಾಗಿಯೇ ಹೊರರೋಗಿಗಳ ವಿಭಾಗವನ್ನು ಡಾಕ್ಟರ್ ವಿ. ಎಸ್. ನಟರಾಜನ್ ಅವರು 1978ರಲ್ಲಿ ತೆರೆದರು. 1996ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಈ ಶಾಸ್ತ್ರಕ್ಕೆ ಸ್ನಾತಕೋತ್ತರ ಪದವಿ ಬಂದಿತು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗೆ ಹತ್ತು ಹಾಸಿಗೆಗಳಿರತಕ್ಕದ್ದು. 2021ರ ಆಗಸ್ಟಿನಿಂದ ತಮಿಳುನಾಡಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಮನೆಬಾಗಿಲಿಗೆ ತಂದುಕೊಡುವ ಯೋಜನೆ ಬಂದಿದೆ; ಅದರಲ್ಲಿ ಅಂಗಮರ್ದನ ವ್ಯಾಯಾಮಗಳ ಚಿಕಿತ್ಸೆಯೂ ಸೇರಿದೆ. 2025ರ ಏಪ್ರಿಲಿನಲ್ಲಿ ಉದಕಮಂಡಲದಲ್ಲಿ 700 ಹಾಸಿಗೆಗಳ ಹೊಸ ಆಸ್ಪತ್ರೆ ತೆರೆಯಿತು. ಬೆಟ್ಟದವರು ಎಲ್ಲದಕ್ಕೂ ಕೊಯಮತ್ತೂರಿಗೆ ಇಳಿಯಬೇಕಾಗಿದ್ದ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಮಾತಲ್ಲ.

ಆದರೆ ಕಟ್ಟಡವು ಕೇಳಿಸಿಕೊಳ್ಳುವುದಿಲ್ಲ. ಕನ್ನಡವನ್ನೋ ಬಡಗವನ್ನೋ ಮಾತ್ರ ಬಲ್ಲ ಹಿರಿಯರು ತಮಿಳು ಇಂಗ್ಲಿಷುಗಳ ವೈದ್ಯರ ಮುಂದೆ ಕುಳಿತಾಗ ನಡುವೆ ದುಭಾಷಿಯಾಗುವವನು ಶಾಲೆಗೆ ಹೋಗುವ ಮೊಮ್ಮಗ, ಎಂದರೆ ನಮ್ಮ ವಿದ್ಯಾರ್ಥಿ. ಅಜ್ಜಿ ಐದು ನಿಮಿಷ ಹೇಳಿದ್ದನ್ನು ಅವನು “ಕಾಲು ನೋವಂತೆ” ಎಂದು ಮುಗಿಸುತ್ತಾನೆ. ಮೂತ್ರ ತಡೆಯಲಾಗುವುದಿಲ್ಲವೆಂಬುದನ್ನು ನಾಚಿಕೆಯಿಂದ ಬಿಟ್ಟುಬಿಡುತ್ತಾನೆ. ವೈದ್ಯರು ಉತ್ತರವನ್ನು ಅವನಿಗೇ ಹೇಳುತ್ತಾರೆ, ಇಲ್ಲವೆ ಮಗನಿಗೆ ಹೇಳುತ್ತಾರೆ. ರೋಗಿ ಗೋಡೆಯನ್ನು ನೋಡುತ್ತ ಕೂರುತ್ತಾಳೆ. ಸಂಕ್ಷೇಪಲೇಖನಕ್ಕೆ ನಾವು ಅಂಕ ಕೊಡುತ್ತೇವೆ, ಸರಿಯೆ. ಇನ್ನೊಬ್ಬರ ನೋವನ್ನು ಸಂಕ್ಷೇಪಿಸುವ ಅಧಿಕಾರ ಯಾರಿಗಿದೆ? ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸುವುದು ಒಂದು ವಿದ್ಯೆ; ಅದನ್ನು ಐದನೆಯ ತರಗತಿಯಿಂದಲೇ ಕಲಿಸಬಹುದು. ಮಾತ್ರೆಯ ಚೀಟಿಯನ್ನು ಓದಿ ಬೆಳಗ್ಗೆ ಎಷ್ಟು, ರಾತ್ರಿ ಎಷ್ಟು ಎಂದು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಡುವುದಕ್ಕಿಂತ ಉತ್ತಮವಾದ ಶುದ್ಧಬರಹದ ಅಭ್ಯಾಸ ನನಗೆ ತೋಚುವುದಿಲ್ಲ.

ಯಾರನ್ನು ಕೇಳಬೇಕೆಂಬ ಈ ಪ್ರಶ್ನೆ ಕಡೆಗಾಲದಲ್ಲಿ ಇನ್ನೂ ತೀವ್ರವಾಗುತ್ತದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು, ಗುಣವಾಗದ ಸ್ಥಿತಿಯಲ್ಲಿ ಯಂತ್ರಗಳಿಂದ ಜೀವವನ್ನು ಎಳೆಯಬೇಡಿರೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಒಪ್ಪಿತು. 2023ರಲ್ಲಿ ಅದರ ವಿಧಿಗಳನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವು ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಅಂತಹ ಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಸಹಿಗೆ ಈ ಎರಡನೆಯ ಬೆಲೆಯಿಲ್ಲವಾದರೂ ಸಾಕ್ಷಿಯಾಗಿ ಊರವರು ನಮ್ಮನ್ನು ಕರೆಯಬಹುದು. ಕರೆದಾಗ, ಬರೆಯಿಸಿದವರಿಗೆ ಅದನ್ನು ಅವರ ನುಡಿಯಲ್ಲಿಯೇ ಒಮ್ಮೆ ಓದಿ ಹೇಳಿ, ಅವರು ತಿದ್ದಿಸಿದ್ದನ್ನು ತಿದ್ದಿ, ಆಮೇಲೆ ಸಹಿ ಹಾಕತಕ್ಕದ್ದು. ಅಷ್ಟರಲ್ಲಿ ಒಳಗಿನಿಂದ ಮಗ ಬಂದು, “ಅಮ್ಮಾ, ಈಗೇಕೆ ಈ ಅಪಶಕುನದ ಮಾತು?” ಎಂದು ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಡುವ ಸಂಭವವೂ ಉಂಟು.