ಆಟಿಯ ಗಾಳಿ ಮತ್ತು ರೈಕ್ವನ ವಾಯು

ಬಂಡಿಯಡಿ ಕುಳಿತು ಕಜ್ಜಿ ತುರಿಸಿಕೊಳ್ಳುತ್ತಿದ್ದವನೆಂದು ಛಾಂದೋಗ್ಯ ಉಪನಿಷತ್ತು ವರ್ಣಿಸುವ ರೈಕ್ವನು ರಾಜ ಜಾನಶ್ರುತಿಗೆ ಬೋಧಿಸಿದ್ದು ಸಂವರ್ಗವಿದ್ಯೆಯನ್ನು. ಸಂವರ್ಗವೆಂದರೆ ಎಲ್ಲವನ್ನೂ ತನ್ನೊಳಗೆ ಸೆಳೆದುಕೊಳ್ಳುವಂಥದು. ಆರಿದ ಬೆಂಕಿಯೂ ಮುಳುಗಿದ ಸೂರ್ಯಚಂದ್ರರೂ ಒಣಗಿದ ನೀರೂ ಕೊನೆಗೆ ವಾಯುವನ್ನೇ ಸೇರುತ್ತವೆ ಎಂಬುದು ಅದರ ಸಾರ. ಬಯಲುನಾಡಿನ ಓದುಗರಿಗೆ ಇದು ಕಣ್ಣೆದುರಿನ ಸತ್ಯವಾಗಿ ಕಂಡೀತು. ಆದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳುವರ ಆಟಿ ತಿಂಗಳಲ್ಲಿ, ಮಂಗಳೂರಿನ ಜಗಲಿಯ ಹಗ್ಗಕ್ಕೆ ಹರವಿದ ಪಂಚೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುವಾಗ, ಈ ಮಾತನ್ನು ಹೇಗೆ ಗ್ರಹಿಸಬೇಕೆಂಬ ಪ್ರಶ್ನೆ ಏಳದಿರದು.

ಮನೆಗೆ ಗಾಳಿಯಾಡಿಸುವ ಕ್ರಮ ನಾಡಿನಿಂದ ನಾಡಿಗೆ ಬದಲಾಗುವುದಕ್ಕೂ ಗಾಳಿಯಲ್ಲಿನ ಈ ತೇವವೇ ಕಾರಣ. ಜರ್ಮನಿಯಲ್ಲಿ ಚಳಿಗಾಲದಲ್ಲೂ ಕೆಲವು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದಿಡುವುದು ವಾಡಿಕೆ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ಕಡಿಮೆಯಿದ್ದು, ಒಳಬಂದು ಬೆಚ್ಚಗಾದ ಮೇಲೆ ಅದು ಕೋಣೆಯ ತೇವವನ್ನು ಹೀರಬಲ್ಲದು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಮಂಗಳೂರಿನಲ್ಲಿ ಮಳೆಗಾಲದ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ, ಕಿಟಕಿ ತೆರೆದರೆ ಒಳಗೆ ಬರುವುದೂ ತೇವವೇ. ಹಳೆಯ ಮನೆ ಇದಕ್ಕೆ ಬೆಂಕಿಯಲ್ಲಿ ಉತ್ತರ ಕಂಡಿತ್ತು: ಒಲೆಯ ಹೊಗೆ ಛಾವಣಿಯ ಪಕ್ಕಾಸು, ರೀಪುಗಳನ್ನೂ ಅಟ್ಟದ ತೆಂಗಿನಕಾಯಿಗಳನ್ನೂ ಬೆಚ್ಚಗಿರಿಸುತ್ತ, ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ತಯಾರಿಸತೊಡಗಿದ ಹೆಂಚುಗಳ ಸಂದಿಯಿಂದ ಹೊರಬೀಳುತ್ತಿತ್ತು.

ಗಾಳಿಗೆ ತಡೆಯೇ ಇಲ್ಲದ ಇಂಥ ಮನೆಯಲ್ಲಿ ಧಾರ್ಮಿಕ ಎಚ್ಚರವೆಲ್ಲ ಕಿಟಕಿಯನ್ನು ಬಿಟ್ಟು ಅಂಗಳ ಮತ್ತು ಹೊಸ್ತಿಲುಗಳಲ್ಲಿ ನೆಲೆಗೊಂಡಿತೆನ್ನಬಹುದು. ಆಟಿಯಲ್ಲಿ ನಲಿಕೆ ಸಮುದಾಯದವರು ವೇಷ ಕಟ್ಟುವ ಆಟಿ ಕಳೆಂಜ ತಾಳೆಗರಿಯ ಕೊಡೆ ಹಿಡಿದು ಅಂಗಳಕ್ಕೆ ಬಂದು ಕುಣಿದು, ಮನೆಯವರು ಕೊಟ್ಟ ಅಕ್ಕಿ, ಉಪ್ಪು, ಅರಿಸಿನಗಳನ್ನು ಪಡೆದು ಮಾರಿಯನ್ನು, ಅಂದರೆ ರೋಗರುಜಿನವನ್ನು, ಕಳೆಯುತ್ತಾನೆ. ಮುಂದಿನ ಸೋಣ ತಿಂಗಳಲ್ಲಿ ಗೃಹಿಣಿಯರು ಹೊಸ್ತಿಲನ್ನು ತೊಳೆದು, ರಂಗೋಲಿಯೆಳೆದು, ಹೂವಿಟ್ಟು ಪೂಜಿಸುತ್ತಾರೆ. ಒಳಬರುವುದೆಲ್ಲವೂ ಶುದ್ಧವೆಂದಾಗಲಿ ಅಶುದ್ಧವೆಂದಾಗಲಿ ಈ ಆಚರಣೆಗಳು ಹೇಳುವುದಿಲ್ಲ. ಯಾವ ತಿಂಗಳಲ್ಲಿ ಏನು ಬಂದೀತು ಎಂಬುದನ್ನು ಅವು ಗಮನಿಸುತ್ತವೆ.

ಇದೇ ಕರಾವಳಿಯ ಇನ್ನೊಂದು ಚಿಂತನೆ ವಾಯುವನ್ನು ಜೀವೋತ್ತಮನ, ಅಂದರೆ ಜೀವರಲ್ಲೆಲ್ಲ ಶ್ರೇಷ್ಠನಾದವನ, ಪದವಿಗೇರಿಸಿತು. ಉಡುಪಿ ಬಳಿಯ ಪಾಜಕದಲ್ಲಿ 13ನೆಯ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರು ವಾಯುವಿನ ಮೂರನೆಯ ಅವತಾರವೆಂಬುದು ಅನುಯಾಯಿಗಳ ನಂಬಿಕೆ. ಅವರ ದ್ವೈತಮತದಲ್ಲಿ ಜಡವಾದ ಗಾಳಿ ಬೇರೆ, ಅದನ್ನು ನಿಯಮಿಸುವ ಅಭಿಮಾನಿ ದೇವತೆ, ಎಂದರೆ ಆ ತತ್ತ್ವಕ್ಕೆ ಒಡೆಯನಾದ ಚೇತನ, ಬೇರೆ. ಹಾಗಾಗಿ ಪಂಚೆ ಒಣಗದಿದ್ದ ಮಾತ್ರಕ್ಕೆ ರೈಕ್ವನ ಬೋಧೆಗೆ ಊನವಿಲ್ಲ. ತರ್ಕವೇನೋ ಬಿಗಿಯಾಗಿದೆ, ಆದರೆ ಹೀಗೆ ಬೇರ್ಪಡಿಸಿದ ಮೇಲೆ ಗೋಡೆಯ ಬೂಷ್ಟಿನ ಬಗ್ಗೆ ದರ್ಶನಕ್ಕೆ ಹೇಳಲು ಏನೂ ಉಳಿಯುವುದಿಲ್ಲ, ಆ ಕೆಲಸ ಒಲೆಗೂ ಕಳೆಂಜನಿಗೂ ಬೀಳುತ್ತದೆ. ಈಗ ಮಂಗಳೂರಿನ ಕದ್ರಿ, ಬಿಜೈಗಳ ಬಹುಮಹಡಿ ಕಟ್ಟಡಗಳಲ್ಲಿ ಒಲೆಯ ಜಾಗಕ್ಕೆ ಗ್ಯಾಸ್, ಹೆಂಚಿನ ಜಾಗಕ್ಕೆ ಕಾಂಕ್ರೀಟು ಬಂದಿವೆ. ಹೊಸ್ತಿಲ ಪೂಜೆ ಫ್ಲ್ಯಾಟಿನ ಬಾಗಿಲಲ್ಲೂ ನಡೆದೀತು, ಆದರೆ ಅಂಗಳವೇ ಇಲ್ಲದ ಏಳನೆಯ ಮಹಡಿಯಲ್ಲಿ ಕಳೆಂಜ ಎಲ್ಲಿ ಕುಣಿಯಬೇಕೆಂಬುದನ್ನು ಸಂಪ್ರದಾಯ ಇನ್ನೂ ತೀರ್ಮಾನಿಸಿಲ್ಲ.